ಮಾತ್ರೆಯಲ್ಲದ ಔಷಧಿ

ಹ್ಯಾನ್‌ಕಾಕ್, ಮಿಷಿಗನ್
ನವೆಂಬರ್ ೧೪, ಗುರುವಾರ

ಪ್ರೀತಿಯ ಹಿಲ್ಮಾ ಅಜ್ಜಿ,

ನಿನ್ನ ಏಕೈಕ ಮೊಮ್ಮಗನೂ ಈ ಮನೆತನದ ಪದಚ್ಯುತ ಔಷಧ ಮಂತ್ರಿಯೂ ಆದ ಆರ್ವಿ ತಲೆ ತಗ್ಗಿಸಿ ಬರೆಯುವುದೇನೆಂದರೆ, ನಾನು ಕ್ಷೇಮ. ನಿನ್ನ ಎಡಗಣ್ಣು ಹೇಗಿದೆ? ಹೊಸ ಹನಿ ಉರಿಯುತ್ತದೆಯೇ? ಮಂಡಿ ನೋವು ಅತ್ತೆಯ ಊರು ಡುಲೂತ್‌ನ ಚಳಿಗೆ ಹೊಂದಿಕೊಂಡಿತೇ? ಕಾರೀನ್ ಅತ್ತೆಯ ಮನೆಯ ಕಾಫಿಯಲ್ಲಿ ಲೋಟದ ತಳ ಕಾಣುತ್ತದೆಂದು ನೀನು ಫೋನಿನಲ್ಲಿ ಪಿಸುಗುಟ್ಟಿದ್ದೆ. (ಅತ್ತೆ, ಇದನ್ನು ಅಜ್ಜಿಗೆ ಓದಿ ಹೇಳುತ್ತಿರುವವರು ನೀವೇ ಎಂದು ಗೊತ್ತು. ಕ್ಷಮಿಸಿ, ಆದರೆ ಸತ್ಯ.)

ಸೋಮವಾರ ನಿನಗೆ ನೆನಪಿನ ಪರೀಕ್ಷೆಯಂತೆ. ಗಡಿಯಾರದ ಚಿತ್ರ ಬರೆಸುತ್ತಾರಂತೆ, ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರಂತೆ. ಅದರ ಮೇಲೆ ನೀನು ನಿನ್ನ ಮನೆಗೆ ಮರಳಬಹುದೇ, ಇಲ್ಲ ಅಲ್ಲೇ ವೃದ್ಧರ ಆರೈಕೆಯ ಮನೆಗೆ ಸೇರಬೇಕೇ ಎಂದು ತೀರ್ಮಾನವಂತೆ. ಈ ಸುದ್ದಿ ಕೇಳಿದಾಗಿನಿಂದ ನನಗೆ ಅನ್ನ ಆಹಾರ ಸೇರುತ್ತಿಲ್ಲ ಎಂದು ಬರೆಯಬೇಕು ಅನ್ನಿಸುತ್ತದೆ. ಆದರೆ ನಿನ್ನೆ ಮಾಂಸ, ಆಲೂಗಡ್ಡೆ ತುಂಬಿದ ಎರಡು ಪಾಸ್ಟಿ ಕಡುಬು ತಿಂದೆ. ತಿನ್ನುವಾಗ ರುಚಿ ಮಾತ್ರ ಗೊತ್ತಾಗಲಿಲ್ಲ.

ಹೋದ ವರ್ಷ ಇದೇ ತಿಂಗಳು ಗ್ರಂಥಾಲಯದ ಕಿಟಕಿ ಬದಿಯ ಕಂಪ್ಯೂಟರಿನ ಮುಂದೆ ನಾವಿಬ್ಬರೂ ಕುಳಿತದ್ದು ಪದೇಪದೇ ಕಣ್ಣಿಗೆ ಬರುತ್ತದೆ. ಹಿರಿಯರಿಗೆ ಸರಕಾರ ಕೊಡುವ ಮೆಡಿಕೇರ್‌ನ ಔಷಧ ವಿಮೆ ಆರಿಸಬೇಕಿತ್ತು, ಡಿಸೆಂಬರ್ ಏಳರೊಳಗೆ. ಸಂದರ್ಭಕ್ಕೆ ತಕ್ಕ ಗಾಂಭೀರ್ಯವಿರಲೆಂದು ನಾನು ತಾತನ ಟೈ ಕಟ್ಟಿಕೊಂಡಿದ್ದೆ. ತೆರೆಯ ಮೇಲೆ ಒಂದರ ಕೆಳಗೊಂದು ಯೋಜನೆಗಳು ಇಳಿಯುತ್ತಲೇ ಇದ್ದವು. "ಇಷ್ಟೊಂದು ಯಾಕೋ? ನಂಗೆ ಗಂಡು ಆರ್ಸೋಕೂ ಮೂರೇ ಜನ ಇದ್ರು, ಅದ್ರಲ್ಲಿ ಒಬ್ನಿಗೆ ಹಲ್ಲಿರ್ಲಿಲ್ಲ," ಅಂದೆ ನೀನು. ನಾನು ಗಂಟಲು ಸರಿಮಾಡಿಕೊಂಡು, "ಶ್ರೀಮತಿಯವರು ಸೇವಿಸುವ ಮಾತ್ರೆಗಳಾವುವು?" ಎಂದು ಕೇಳಿದೆ. ನೀನು ಬೆರಳು ಮಡಿಸಿದೆ: ಬಿ.ಪಿ.ಯದು, ಥೈರಾಯ್ಡಿನದು, ಕೊಬ್ಬಿನದು, "ಆಮೇಲೆ ಮೂಳೆಗೊಂದು ಹಳದೀದು". ನಾಲ್ಕು ಮಾತ್ರೆ, ತಪ್ಪಿಲ್ಲದ ಲೆಕ್ಕ. ಕಣ್ಣಿನ ಒತ್ತಡ ಇಳಿಸಲು ನೀನು ಹಾಕಿಕೊಳ್ಳುವ ಹನಿ ಮಾತ್ರೆಯಲ್ಲ. ಅದು ಮಾತ್ರೆಯ ಡಬ್ಬಿಯಲ್ಲೂ ಇರಲಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಸಾಸಿವೆ ಬಾಟಲಿಯ ಪಕ್ಕ ನಿಂತಿತ್ತು. ಕೇಳಿದ್ದಕ್ಕೆ ನೀನು ಸರಿಯಾಗಿಯೇ ಉತ್ತರಿಸಿದೆ. ನಾನು ಕೇಳಿದ ಪ್ರಶ್ನೆಯೇ ತಪ್ಪು. ಆ ನಾಲ್ಕಕ್ಕೆ ಒಪ್ಪುವ ಯೋಜನೆ ಸಿಕ್ಕಿದಾಗ ನಾನು ಎದ್ದುನಿಂತು ಘೋಷಣೆ ಮಾಡಿದೆ, ಗ್ರಂಥಪಾಲಕಿ "ಶ್!" ಅಂದರು. ಆ ಭಾನುವಾರ ಚರ್ಚಿನ ಕಾಫಿಯ ಹೊತ್ತಿಗೆ ನಿನ್ನ ಗೆಳತಿಯರಿಗೆಲ್ಲ ನನ್ನ ಜಾಣತನದ ವರದಿ ಒಪ್ಪಿಸಿದ್ದೂ ನಾನೇ.

ಇನ್ನು ನಿನ್ನನ್ನು ನಗಿಸಲೆಂದು ನಾನು ಬರೆಯುತ್ತಿದ್ದ ಸುಳ್ಳು ಸುತ್ತೋಲೆಗಳ ವಿಷಯ. ನಿನ್ನ ನಿಸು ಬ್ರೆಡ್ಡಿನಲ್ಲಿ ಏಲಕ್ಕಿ ಮಿತಿಮೀರಿದೆಯೆಂದು 'ಏಲಕ್ಕಿ ನಿಯಂತ್ರಣ ಮಂಡಳಿ'ಯಿಂದ ನೋಟೀಸು, ಹಬೆಸ್ನಾನದ ಸೌನಾ ಕೋಣೆಯ ಒಲೆಗೆ ಹೊಗೆ ಬಿಡುವ ಪರವಾನಗಿ, ಮುದ್ರೆ, ಸಹಿ, ಕಡತದ ಸಂಖ್ಯೆ ಸಮೇತ. ನೀನು ಒಂದೊಂದನ್ನೂ ಫ್ರಿಜ್ಜಿಗೆ ಅಂಟಿಸುತ್ತಿದ್ದೆ. ಜನವರಿಯಲ್ಲಿ ವಿಮೆಯವರ ನಿಜವಾದ ಕಾಗದ ಬಂತು: ನೀವು ಬಳಸುವ ಕಣ್ಣಿನ ಹನಿ ನಮ್ಮ ಪಟ್ಟಿಯಲ್ಲಿಲ್ಲ, ಈ ಒಂದು ತಿಂಗಳಿಗೆ ಮಾತ್ರ ಕೊಟ್ಟಿದ್ದೇವೆ, ಅಷ್ಟರಲ್ಲಿ ವೈದ್ಯರಿಂದ ಬೇರೆ ಹನಿ ಬರೆಸಿಕೊಳ್ಳಿ ಅಥವಾ ವಿನಾಯಿತಿ ಕೇಳಿ. ಅದೂ ಏಲಕ್ಕಿ ಮಂಡಳಿಯ ಪಕ್ಕ ಅಂಟಿಕೊಂಡು ಆಗಸ್ಟಿನವರೆಗೆ ನಗುತ್ತಾ ನಿಂತಿತು.

ಫೆಬ್ರವರಿಯಲ್ಲಿ ನೀನು ಔಷಧಿ ಅಂಗಡಿಯಿಂದ ಬರಿಗೈಲಿ ಬಂದು ಕಾರು ಹತ್ತಿದೆ. "ಸ್ಟಾಕ್ ಇಲ್ವಂತೆ, ನಡಿ," ಅಂದೆ. ನಾನು ನಂಬಿದೆ. ಉಳಿದ ಪುಟ್ಟ ಬಾಟಲಿಯನ್ನು ನೀನು ದಿನ ಬಿಟ್ಟು ದಿನ, ಒಂದೇ ಕಣ್ಣಿಗೆ ಎಳೆಯುತ್ತಾ ಹೋದೆ. ಊರೆಲ್ಲ ಡಂಗುರ ಹೊಡೆದ ಮೊಮ್ಮಗನ ಮುಖ ಸಣ್ಣದಾಗಬಾರದೆಂದು ತಾನೆ? ಜುಲೈನಲ್ಲಿ ನೀನು ಎಡಗಡೆ ಮನೆಯ ರೂಬೆನ್ ತಾತನ ಅಂಚೆಡಬ್ಬಿಗೆ ಕಾರು ಗುದ್ದಿದೆ. "ಹಿಲ್ಮಾ, ಮೂವತ್ತು ವರ್ಷದಿಂದ ಆ ಡಬ್ಬಿ ಅಲ್ಲೇ ಇದ್ಯಲ್ಲೇ!" ಅಂತ ಅವರು ಕೂಗಿದರೆ, "ಅದಕ್ಕೇ ಗುದ್ದಿದ್ದು, ಜರುಗ್ತಾನೇ ಇರ್ಲಿಲ್ಲ," ಅಂದೆಯಲ್ಲ, ನಾನು ಹುಲ್ಲಿನ ಮೇಲೆ ಬಿದ್ದು ನಕ್ಕಿದ್ದೆ. ಡಬ್ಬಿ ನಿನಗೆ ಕಂಡೇ ಇರಲಿಲ್ಲ ಎಂದು ಆಮೇಲೆ ಕಣ್ಣಿನ ಡಾಕ್ಟರು ಹೇಳಿದರು. ಅಂಚಿನಲ್ಲಿ ಹೋದ ನೋಟ ಮತ್ತೆ ಬರುವುದಿಲ್ಲವೆಂದೂ ಹೇಳಿದರು. ಆ ನಗುವನ್ನು ಈಗ ಎಲ್ಲಿ ಬಚ್ಚಿಡಲಿ ಅಜ್ಜಿ?

ಆಗಸ್ಟಿನಲ್ಲಿ ಅತ್ತೆ ಬಂದು ಫ್ರಿಜ್ಜಿನಿಂದ ಆ ಕಾಗದ ಕಿತ್ತು, "ಅಮ್ಮನಿಗೆ ನಿಜವಾದ ಕಾಗದ ಯಾವ್ದು, ಆಟದ್ದು ಯಾವ್ದು ಅಂತ ತಿಳೀದ ಹಾಗಾಗಿದೆ. ಹನಿ ವಿಷ್ಯ ಹೇಳೋದನ್ನೇ ಮರ್ತಿದ್ದಾಳೆ," ಅಂದಾಗ ನಾನು ಆಲೂಗಡ್ಡೆ ಹೆರೆಯುತ್ತಿದ್ದೆ. ಹೆರೆಯುತ್ತಲೇ ಇದ್ದೆ. ನೀನು ಒಮ್ಮೆ ನನ್ನ ಕಡೆ ತಿರುಗಿ ನೋಡಿದೆ. "ವಯಸ್ಸಾಯ್ತಲ್ಲ ಕಾರೀನ್," ಅಂದು ಅವರ ಜೊತೆ ಹೊರಡಲೆಂದು ಕೋಟು ತರಲು ಎದ್ದೆ. ಅವತ್ತು ಬಾಯಿ ತೆರೆದಿದ್ದರೆ ನೀನು ಈ ಹೊತ್ತು ಇಲ್ಲೇ ಇರುತ್ತಿದ್ದೆ.

ಚರ್ಚಿನ ಹೆಂಗಸರು ಕೇಳಿದರೆಂದು ಹೇಳು ಅಂದಿದ್ದಾರೆ. ರೂಬೆನ್ ತಾತ ಹೊಸ ಡಬ್ಬಿ ನೆಟ್ಟು ಅದಕ್ಕೆ ಕಿತ್ತಳೆ ಬಣ್ಣ ಬಳಿದಿದ್ದಾರೆ, ಹಿಲ್ಮಾ ಬಂದಾಗ ಕಾಣಲಿ ಎಂದು. ನಿನ್ನ ಹಿಟ್ಟಿನ ಡಬ್ಬಕ್ಕೆ ಇಲಿ ಬರದಂತೆ ಕಾವಲಿದ್ದೇನೆ. ಅತ್ತೆಗೆ ನನ್ನ ನಮಸ್ಕಾರ. ಕೋಪವಿದ್ದರೂ ಇರಲಿ, ತಲೆಯ ಮೇಲೆ ನಿನ್ನ ಕೈಯೊಂದಿದ್ದರೆ ಸಾಕೆಂದು ಬೇಡುವ,

ನಿನ್ನ
ಆರ್ವಿ

ತಾ.ಕ.: ಅಂಚೆ ಗಾಡಿ ತಿರುವಿಗೆ ಬಂತು, ಬೇಗ ಬರೆಯುತ್ತೇನೆ. ಕಾರೀನ್ ಅತ್ತೆ, ಇದು ನಿಮಗೆ, ಆದರೂ ಗಟ್ಟಿಯಾಗಿಯೇ ಓದಿ. ಅಜ್ಜಿ ಆ ಕಾಗದವನ್ನು ತಾನಾಗಿ ಆಟದ್ದೆಂದು ತಿಳಿಯಲಿಲ್ಲ. ಬಂದ ದಿನವೇ ಅದನ್ನು ಹಿಡಿದುಕೊಂಡು ನನ್ನ ಬಳಿ ಬಂದು, "ಏಯ್, ಇದೂ ನಿಂದೇನಾ? ನಿಜ ಹೇಳೋ, ಕಣ್ಣಿನ ವಿಷ್ಯ," ಎಂದು ಕೇಳಿದಳು. ನಾನು ಒಂದು ಸಾಲೂ ಓದದೆ "ಹೌದು, ನಂದೇ" ಎಂದು ನಡು ಬಗ್ಗಿಸಿ ಚಪ್ಪಾಳೆಗೆ ಕಾದೆ. ಫೆಬ್ರವರಿಯಲ್ಲಿ ಅಂಗಡಿಯವರು ಈ ಹನಿಗೆ ವಿಮೆ ಇಲ್ಲವೆಂದಾಗಲೇ ಆ ಕಾಗದ ನಿಜದ್ದೆಂದು ಅವಳಿಗೆ ತಿಳಿದಿತ್ತು. ಅಷ್ಟು ತಿಂಗಳು ನನ್ನ ಹೆಸರು ಹೇಳದೆ ಮರೆವಿನವಳೆಂದು ಕರೆಸಿಕೊಂಡಿದ್ದಾಳೆ. ಸೋಮವಾರ ಗಡಿಯಾರ ಬರೆಸುವ ಮೊದಲು ಇದನ್ನು ಡಾಕ್ಟರಿಗೆ ಓದಿ ಹೇಳಿ. "ಇಲ್ಲ, ಹುಡುಗ ಸುಳ್ಳು ಹೇಳ್ತಿದಾನೆ, ಮರ್ತಿದ್ದು ನಾನೇ," ಎಂದು ಅಜ್ಜಿ ಈಗಲೂ ಹೇಳುತ್ತಾಳೆ. ನಂಬಬೇಡಿ.