ಒಂದು ನಿಮಿಷಕ್ಕೆ ಕಡಿದ ಕೊಂಡಿ

ಬಿಳಿಗೆರೆ
೯-೧೧-೧೯೮೭

ಗೆಳೆಯ ದೊಡ್ಡಣ್ಣನಿಗೆ ಶ್ರೀರಂಗಯ್ಯನ ನಮಸ್ಕಾರ.

ಹನ್ನೊಂದು ತಿಂಗಳಿಂದ ನಾನು ಬರೆದಿಲ್ಲ, ನೀನೂ ಹ್ಯಾಮ್ ರೇಡಿಯೋದ ಮಾತಾಡುವ ಸೆಟ್ಟು ಮುಟ್ಟಿಲ್ಲ. ಮೊನ್ನೆ ತಿಪಟೂರು ಸಂತೆಯಲ್ಲಿ ನಿಮ್ಮೂರ ದುರ್ಗಯ್ಯ ಸಿಕ್ಕಿದ್ದ. ಚಿಕ್ಕಗೌರಮ್ಮನ ವರ್ಷದ ಎಡೆ ಇಡುವುದಿಲ್ಲ ಅಂದೆಯಂತೆ. "ನನ್ ಮ್ಯಾಲೆ ಮುನಿಸ್ಕಂಡೇ ಹೋದೋಳು, ನಾನಿಟ್ಟಿದ್ದು ಮುಟ್ತಾಳೇನ್ಲಾ" ಎಂದು ಕೇಳಿದೆಯಂತೆ. ಅವತ್ತಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ನಿನ್ನ ಹೆಂಡತಿ ಮುನಿಸಿಕೊಂಡು ಸಾಯಲಿಲ್ಲ ಕಣಪ್ಪ.

ಅವಳ ತವರಿನ ಹಸುವನ್ನು ನೀನು ಕೇಳದೆ ಮಾರಿದೆ, ಅವಳು ತವರು ಕೆಂಕೆರೆಗೆ ಹೋಗಿ ಕೂತಳು. ಹೋಗುವಾಗ ಕೈಸೆಟ್ಟನ್ನೂ ಒಯ್ದಳು, ಅಂದರೆ ಮಾತು ಬಿಡುವ ಮನಸ್ಸಿರಲಿಲ್ಲ. ಮಾತನ್ನು ಹಿಡಿದು ದೂರಕ್ಕೆ ಮರಳಿ ಬಿತ್ತುವ ಅವಳ ಕಡೆಯ ಗುಡ್ಡದ ರಿಪೀಟರ್ ಎರಡು ಮೀಟರ್ ಬ್ಯಾಂಡಿನದು, ನಿಮ್ಮ ಅಮ್ಮಸಂದ್ರದ್ದು ಎಪ್ಪತ್ತು ಸೆಂಟಿಮೀಟರಿನದು. ಒಂದರ ಮಾತು ಇನ್ನೊಂದಕ್ಕೆ ದಾಟಲು ನನ್ನ ತೋಟದ ಮನೆಯ ಕೊಂಡಿ ಪೆಟ್ಟಿಗೆಯೇ ಗತಿ. ಅದರ ಏರಿಯಲ್ ಕಟ್ಟಲು ಇಬ್ಬರೂ ತೆಂಗಿನಮರ ಹತ್ತಿ ಎದೆ ತರಚಿಕೊಂಡದ್ದು ನೆನಪಿದೆಯಾ?

ಯಾರಾದರೂ ಮೂರು ನಿಮಿಷ ಬಿಡದೆ ಮಾತಾಡಿದರೆ ಪೆಟ್ಟಿಗೆ ಕೊಂಡಿ ಕಡಿಯುತ್ತಿತ್ತು. ನಡುವೆ ಕ್ಷಣಹೊತ್ತು ಸೆಟ್ಟಿನ ಮಾತಿನ ಗುಂಡಿ ಬಿಟ್ಟು ಮತ್ತೆ ಒತ್ತುವುದು ನಮ್ಮ ರೂಢಿ. ನಿನಗೋ ಬಾಯಿ ತೆಗೆದರೆ ಮುಚ್ಚುವ ಅಭ್ಯಾಸವೇ ಇಲ್ಲ. ನಿನಗೆ ಬುದ್ಧಿ ಬರಲೆಂದು ಆ ವಾರ ಮೂರು ನಿಮಿಷವನ್ನು ಒಂದಕ್ಕೆ ಇಳಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಚಿಕ್ಕಗೌರಮ್ಮ ಮೊದಲ ನಿಮಿಷವೆಲ್ಲ ಹಸುವಿಗಾಗಿ ಬೈದಳು. ಅಷ್ಟು ನಿನಗೆ ಕೇಳಿತು. ಅಲ್ಲಿಗೆ ಕೊಂಡಿ ಕಡಿಯಿತು. ಅವಳೇ ಮಾತು ಮುರಿದಳೆಂದು ನೀನು ಸ್ವಲ್ಪ ಕಾದು ಸೆಟ್ಟು ಆರಿಸಿದೆ, ಅವಳನ್ನು ಮಣ್ಣು ಮಾಡಿದ ದಿನ ನೀನೇ ಹೇಳಿದೆ. ಆದರೆ ಅವಳ ಕಡೆಯ ರಿಪೀಟರ್ ನಡೆಯುತ್ತಲೇ ಇತ್ತು, ಕಡಿದದ್ದು ಅವಳಿಗೆ ತಿಳಿಯಲಿಲ್ಲ. ಉಳಿದದ್ದು ಪೆಟ್ಟಿಗೆಯ ಮುಂದೆ ಕೂತಿದ್ದ ನನಗೊಬ್ಬನಿಗೇ ಕೇಳಿತು. "ಬೈದೆ ಅಂತ ಬೇಜಾರ್ ಮಾಡ್ಕಬೇಡಿ ಕಣ್ರೀ. ಹಸ ಹೋದ್ರೆ ಹೋಯ್ತು ಬುಡಿ. ನಾಳೀಕೆ ಬಂದು ಕರ್ಕಂಡೋಗಿ" ಅಂದಳು.

ನಾಳೆ ಗಂಡಹೆಂಡಿರೇ ಸರಿಮಾಡಿಕೊಳ್ಳುತ್ತಾರೆಂದು ಸುಮ್ಮನಾದೆ. ಮೂರನೆಯ ದಿನ ಅವಳು ಹೋದ ಸುದ್ದಿ ಬಂತು. ಆಮೇಲೆ ಹೇಳಲು ಹೆದರಿದೆ.

ಎಡೆ ಇಡು ದೊಡ್ಡಣ್ಣ, ಅವಳು ಮುಟ್ಟುತ್ತಾಳೆ. ನಾವು ಹ್ಯಾಮ್‌ಗಳು ಕಾಗದದ ಕೊನೆಗೆ ಶುಭಾಶಯವೆಂದು ಹಾಕುವ ಎಪ್ಪತ್ತಮೂರನ್ನು ಬರೆಯಲು ನನಗೆ ಮುಖವಿಲ್ಲ.

ನಿನ್ನ
ಶ್ರೀರಂಗಯ್ಯ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಅವಳು "ಎದೆ ಯಾಕೋ ಹಿಡ್ಕಂಡಂಗೈತೆ" ಎಂದೂ ಹೇಳಿದಳು. ಕೊಂಡಿಯನ್ನು ಮತ್ತೆ ಸೇರಿಸುವ ಸ್ವಿಚ್ಚು ನನ್ನ ಕೈಗೆ ಸಿಗುವಂತಿತ್ತು. ದೊಡ್ಡಣ್ಣ ಇವತ್ತೊಂದಿನ ಕಲಿಯಲಿ ಎಂದು ಒತ್ತಲಿಲ್ಲ. ಕೊನೆಗೆ ಅವಳು ಗುಂಡಿ ಬಿಟ್ಟು ಬಿಟ್ಟು, "ಕೇಳುಸ್ತಾ?" ಎಂದು ಎರಡು ಸಲ ಕೇಳಿದಳು. ನಾನು ಉತ್ತರ ಕೊಡಲಿಲ್ಲ.