ಫಲಕದ ಮೇಲೆ ಒಣಗುತ್ತಿರುವ ಪ್ಯಾಂಟಿನ ಪರವಾಗಿ

ಪರ್ವತ ಸಂರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ, ಊರೆಲ್ಲ ಓದಲೆಂದು,

ಮಾನ್ಯರೇ,

ನನ್ನ ಪ್ಯಾಂಟು ಸರ್ಕಾರಿ ಫಲಕಕ್ಕೆ ಅವಮಾನ ಮಾಡಿದೆಯೆಂದು ತಾವು ಕಳಿಸಿದ ನೋಟಿಸು ತಲುಪಿತು. ಅದನ್ನು ಕೂಡಲೇ ಇಳಿಸದಿದ್ದರೆ ನನ್ನನ್ನು ಕೆಲಸದಿಂದ ಇಳಿಸುತ್ತೀರಂತೆ. ಪ್ಯಾಂಟು ಇಳಿಸುವುದು ದೊಡ್ಡ ಮಾತಲ್ಲ. ಇಳಿಸಿದರೆ ಬೆಟ್ಟದ ನೀರು ಹೋಗುತ್ತದೆ, ನನ್ನ ಸಂಕಟ ಅದು.

ತಮ್ಮ ಕಿಟಕಿಯಿಂದ ಬೆಟ್ಟ ಕಾಣುವುದಿಲ್ಲವಾದ್ದರಿಂದ ವಿವರಿಸುತ್ತೇನೆ. ನಾನೂ ನನ್ನ ಹೆಂಡತಿಯೂ ಈ ಎತ್ತರದ ಶಿಬಿರದ ಮೇಲ್ವಿಚಾರಕರು. ಹೆಸರು ದೊಡ್ಡದು, ಕೆಲಸವೆಂದರೆ ಡೇರೆಗೆ ಜಾಗ ತೋರಿಸುವುದು, ಬೆಂಕಿ ಹಾಕಿದವರ ಜೊತೆ ಜಗಳವಾಡುವುದು, ಶೌಚಾಲಯದ ಡ್ರಮ್ಮು ಖಾಲಿ ಮಾಡುವುದು. ರಜೆ ಬಂತೆಂದರೆ ಕಾಲಿಡಲು ಜಾಗವಿರುವುದಿಲ್ಲ. ಪಕ್ಕದ ಇಳಿಜಾರಿನಲ್ಲಿ ಪಾಚಿ ಹಾಸಿಕೊಂಡಿದೆ. ನಮ್ಮ ಮಗಳು ಅಂಬೆಗಾಲಿಡುವಾಗ ಅಂಗೈಯಗಲ ಇದ್ದ ಒಂದು ತೇಪೆ, ಅವಳು ಕಾಲೇಜು ಮುಗಿಸುವಾಗ ಎರಡು ಅಂಗೈ ಆಗಿತ್ತು. ಅದು ಹಿಡಿದಿಟ್ಟ ನೀರೇ ಕೆಳಗೆ ಒರತೆಯಾಗಿ ಬರುತ್ತದೆ. ಶಿಬಿರಕ್ಕೆ ಕುಡಿಯಲು ಬೇರೆ ನೀರಿಲ್ಲ.

ಇಂಥ ಪಾಚಿಯನ್ನು ಕಾಪಾಡಲು ತಾವು ಫಲಕ ಕಳಿಸಿದಿರಿ: ‘ಇಲ್ಲಿ ಕಾಲಿಡಬೇಡಿ.’ ಬಹಳ ಸಂತೋಷ. ತಮ್ಮ ಗುತ್ತಿಗೆದಾರರು ಅದನ್ನು ಪಾಚಿಯ ನಟ್ಟನಡುವೆ, ದಾರಿಗೆ ಬೆನ್ನು ಮಾಡಿ ನೆಟ್ಟು ಹೋದರು. ಓದಬೇಕೆಂದರೆ ಪಾಚಿ ತುಳಿದೇ ಹೋಗಬೇಕು. ಅಲ್ಲಿಯವರೆಗೆ ಅತ್ತ ತಿರುಗಿಯೂ ನೋಡದ ಜನಕ್ಕೆ ಓದಿನ ಹುಚ್ಚು ಹಿಡಿಯಿತು. ಒಬ್ಬ ಮಹಾಶಯರನ್ನು ನಾನೇ ತಡೆದು ಕೇಳಿದೆ.

“ಸಾರ್, ಎಲ್ಲಿಗೆ ಹೋಗಿದ್ರಿ?”

“ಬೋರ್ಡಲ್ಲಿ ಏನಿದೆ ನೋಡೋಣ ಅಂತ.”

“ನೋಡಿದ್ರಾ?”

“ಹ್ಞೂಂ, ಕಾಲಿಡಬಾರ್ದಂತೆ. ಬನ್ನಿ, ಅದರ ಪಕ್ಕ ನಿಂತ್ಕೋತೀನಿ, ಒಂದು ಫೋಟೋ ತೆಗೀರಿ.”

ಫಲಕವನ್ನು ದಾರಿಯ ಅಂಚಿಗೆ ತನ್ನಿ ಎಂದು ಬೇಡಿಕೊಂಡೆ. ತಾವು ಎರಡನೆಯ ಫಲಕ ಕಳಿಸಿದಿರಿ: ‘ಮೊದಲ ಫಲಕ ಓದಲು ಒಳಗೆ ಹೋಗಬೇಡಿ.’ ಅದನ್ನೆಲ್ಲಿ ನೆಟ್ಟರು? ಮೊದಲನೆಯದಕ್ಕೆ ಬೇಜಾರಾಗದಿರಲೆಂದು ಅದರ ಪಕ್ಕದಲ್ಲೇ! ಬೇಸಿಗೆ ಮುಗಿಯುವಷ್ಟರಲ್ಲಿ ಅರ್ಧ ಪಾಚಿ ಕೆಸರಾಯಿತು, ಒರತೆ ದಾರದಷ್ಟಾಯಿತು. ನನಗೆ ಅಳು ಬಂತು ಸ್ವಾಮಿ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹೆಂಡತಿ ನೋಡುವಷ್ಟು ನೋಡಿದಳು. “ರೀ, ಡ್ರಮ್ ತೊಳೆಯೋ ಪ್ಯಾಂಟು ಬಿಚ್ಚಿ ಕೊಡಿ ಇಲ್ಲಿ” ಎಂದಳು. ಬಂಡೆಯ ಮೇಲೆ ನಿಂತು ಫಲಕಕ್ಕೆ ಕುಣಿಕೆ ಎಸೆದಳು, ಹಗ್ಗದ ಇನ್ನೊಂದು ತುದಿಯನ್ನು ಮೇಲಿನ ಶೌಚಾಲಯದ ಕಂಬಕ್ಕೆ ಬಿಗಿದಳು. ಪ್ಯಾಂಟು ಹಗ್ಗದ ಮೇಲೆ ಸರ್ರನೆ ಜಾರಿ ಫಲಕಗಳ ಮೇಲೆ ಕೂತಿತು, ಹಿಂದೆಯೇ ಕೈಗವಸು. ಒಗೆದಿದ್ದಾಳೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಗಾಳಿ ಬೀಸಿದಾಗ ಎಲ್ಲರಿಗೂ ಗೊತ್ತಾಯಿತು. ಅಂದಿನಿಂದ ಮೂಗಿರುವವರು ಯಾರೂ ಅತ್ತ ಸುಳಿದಿಲ್ಲ. ಹೋದ ಪಾಚಿ ಬರಲು ಮೊಮ್ಮಕ್ಕಳ ಕಾಲ ಬೇಕು, ಆದರೆ ಇದ್ದದ್ದು ಉಳಿದಿದೆ. ಒರತೆಯಲ್ಲಿ ಮತ್ತೆ ಕೊಡ ತುಂಬುತ್ತಿದೆ.

ಈಗ ಪ್ಯಾಂಟು ಇಳಿದಿದೆಯೇ ಎಂದು ತಾವು ಸಿಬ್ಬಂದಿ ಸಮೇತ ಬಂದು ಹತ್ತಿರದಿಂದ ಪರಿಶೀಲಿಸುತ್ತೀರಂತೆ. ಹತ್ತಿರ ಎಂದರೆ ಎಲ್ಲಿ ನಿಂತು, ಮಾನ್ಯರೇ?

ನನ್ನ ಬೇಡಿಕೆ ಇಷ್ಟೇ. ಎರಡೂ ಫಲಕಗಳನ್ನು ರದ್ದು ಮಾಡಿ, ಆ ಪ್ಯಾಂಟನ್ನೇ ಇಲಾಖೆಯ ಅಧಿಕೃತ ಸೂಚನೆಯೆಂದು ಘೋಷಿಸಿ. ಅದನ್ನು ಓದಲು ಯಾರೂ ಒಳಗೆ ಹೋಗಬೇಕಿಲ್ಲ, ದಾರಿಯಿಂದಲೇ ಅರ್ಥವಾಗುತ್ತದೆ. ಆಗುವುದಿಲ್ಲವೆಂದರೆ ನನ್ನನ್ನು ಕೆಲಸದಿಂದ ತೆಗೆಯಿರಿ, ಪ್ಯಾಂಟನ್ನು ಮಾತ್ರ ಕೆಲಸದಲ್ಲಿ ಉಳಿಸಿ.

ಇಂತಿ,
ಇದ್ದ ಒಂದು ಪ್ಯಾಂಟನ್ನೂ ಸರ್ಕಾರಿ ಸೇವೆಗೆ ಕೊಟ್ಟು, ಟವೆಲು ಸುತ್ತಿಕೊಂಡು ಡ್ರಮ್ಮು ತೊಳೆಯುತ್ತಿರುವ
ತಮ್ಮ ಶಿಬಿರದ ಕಾವಲುಗಾರ