ಭಾವ ಕಂಡುಹಿಡಿದ ಸಮುದ್ರ

ಅಪ್ಪಾ,

ನಿನಗೆ ಓದಲು ಅನುಕೂಲವಾಗಲಿ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ತುಟಿ ಅಲುಗಿಸುತ್ತಾ ಓದುತ್ತಿದ್ದವನು ನೀನು. ಅವಸರವೇನಿಲ್ಲ, ನಿಧಾನವಾಗಿ ಓದು.

ನಿನ್ನೆ ಭಾನುವಾರ ಸಯನ್ನಿನ ನಮ್ಮ ಮನೆಗೆ ಭಾವನ ಗೆಳೆಯರಿಬ್ಬರು ಹೆಂಡಿರ ಸಮೇತ ಊಟಕ್ಕೆ ಬಂದಿದ್ದರು. ಊಟ ಮುಗಿದು ನಾನು ಕಾಫಿ ತರುವ ಹೊತ್ತಿಗೆ ನನ್ನ ಗಂಡನ ಅಣ್ಣ, ಹೋಟೆಲಿನ ಧಣಿ, ನಮ್ಮೆಲ್ಲರ ದೊಡ್ಡ ಮನುಷ್ಯ, ಸೋಫಾದ ಮೇಲೆ ಕಾಲು ಮಡಚಿ ಕೂತು ಹೇಳುತ್ತಿದ್ದ: "ಅಂಥ ಬೀಚ್ ಇಡೀ ಕೊಂಕಣದಲ್ಲಿ ಇಲ್ಲ. ಯಾರಿಗೂ ಗೊತ್ತಿಲ್ಲ ಮಾರಾಯ್ರೆ. ನಾನು ಹುಡುಕಿದ್ದು. ಮ್ಯಾಪ್ ನೋಡಿ ನೋಡಿ ಹುಡುಕಿದ್ದು." ಸಮುದ್ರವನ್ನೂ ಇವನೇ ತೋಡಿಸಿ ನೀರು ತುಂಬಿಸಿದನೇನೋ ಅನ್ನಬೇಕು, ಹಾಗಿತ್ತು ಗತ್ತು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ಅತ್ತೆ ನನ್ನ ಕಡೆ ಕಣ್ಣು ಬಿಟ್ಟರು. ಆಮೇಲೆ ಏನಾಯಿತು ಎಂದು ಹೇಳುತ್ತೇನೆ. ಮೊದಲು ಮೊದಲಿನದು.

ಹೋದ ವರ್ಷ ಆ ಪ್ರವಾಸಕ್ಕೆ ಮುಂಚೆ ಈ ಮನೆಯಲ್ಲಿ ಮೂರು ಭಾನುವಾರ ಸಭೆ ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. ನೀನು ನೋಡಿದ್ದು ಮೂರನೆಯದನ್ನು ಮಾತ್ರ. ಭಾವ ಫೋರ್ಟಿನ ಫುಟ್‌ಪಾತಿನಿಂದ ಒಂದು ಹಳೆಯ ಮ್ಯಾಪ್ ತಂದು ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಉಪ್ಪಿನಕಾಯಿ ಬಾಟಲಿ ಇಟ್ಟಿದ್ದ. ಅವನಿಗೆ ಬೇಕಾದ ಸಮುದ್ರತೀರ ಎಂಥದು ಗೊತ್ತೇ? ಜನ ಇರಬಾರದು, ಆದರೆ ಊಟ ಸಿಗಬೇಕು. ದೂರ ಇರಬೇಕು, ಆದರೆ ಮಧ್ಯಾಹ್ನದೊಳಗೆ ಮುಟ್ಟಬೇಕು. ಹಳ್ಳಿಯಂತಿರಬೇಕು, ಹಳ್ಳಿಯವರು ಕಾಣಿಸಬಾರದು. ಕಾರು ನೀರಿನವರೆಗೂ ಇಳಿಯಬೇಕು. ಜುಹೂ ಅಂದರೆ ಮೂಗು ಮುರಿದ, ಅಲ್ಲಿ ಎಲ್ಲರೂ ಬರುತ್ತಾರಂತೆ. ಅಲಿಬಾಗ್‌ಗೆ ಅವನ ಗುಮಾಸ್ತನೇ ಹೋಗಿ ಬಂದಿದ್ದಾನಂತೆ, ಇನ್ನು ಧಣಿ ಹೋಗುವುದು ಹೇಗೆ? ಡಹಾಣು ಕಡೆ ಬರೀ ಚಿಕ್ಕು ತೋಟ ಎಂದ. ಹುಟ್ಟಿದ್ದು ಉಡುಪಿಯ ಕಡಲಿನಿಂದ ಕೂಗಳತೆಯಲ್ಲಿ. ಚಿಕ್ಕವನಿದ್ದಾಗ ಚಡ್ಡಿ ಬಿಚ್ಚಿ ಓಡಿದ್ದು ಅದೇ ಮರಳಿನಲ್ಲಿ. ಈಗ ಸಮುದ್ರಕ್ಕೇ ಪರೀಕ್ಷೆ ಇಟ್ಟು ನಂಬರು ಕೊಡುವ ಜಂಭ!

ನೀನು ಅವತ್ತು ಜೋಗೇಶ್ವರಿಯಿಂದ ಮೊಮ್ಮಗನನ್ನು ನೋಡಲು ಬಂದಿದ್ದೆ. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತವನು ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದೆ, "ಶ್ರೀವರ್ಧನದ ಹಾದ್ಯಾಗ ಒಂದು ಊರು ಐತ್ರಿ. ನಾ ಅಲ್ಲಿ ರೋಡ್ ಹಾಕಾಕ ಹೋದಾಗ ಎಂಟು ತಿಂಗಳು ಇದ್ದೆ. ಮರಳು ಭಾಳ ಸ್ವಚ್ಛ. ತೆಂಗಿನ ನೆರಳೈತಿ, ಸೀನೀರಿನ ಬಾವಿ ಐತಿ. ಊಟಕ್ಕೂ ಅಡಚಣಿ ಇಲ್ಲ."

ಭಾವ ನಕ್ಕ ರೀತಿ ನೆನಪಿದೆಯಾ? "ರೋಡ್ ಹಾಕಿದವರಿಗೆ ಎಲ್ಲ ರೋಡೂ ಚಂದವೇ ಬೀಗರೆ. ನಾವು ಹೋಗುವುದು ರಜೆಗೆ, ಡಾಂಬರು ನೋಡಲಿಕ್ಕಲ್ಲ." ಅತ್ತೆ ನಕ್ಕರು. ಅಕ್ಕ, ಎಂದರೆ ಭಾವನ ಹೆಂಡತಿ, ನಕ್ಕಳು. ನನ್ನ ಗಂಡ ಮ್ಯಾಪಿನಲ್ಲಿ ಏನೋ ಮಹತ್ವದ್ದನ್ನು ಕಂಡವರಂತೆ ಬಗ್ಗಿದರು. ಕೊನೆಗೆ ಆಯ್ಕೆಯಾದದ್ದು ಮುರುಡ್‌ಗಿಂತ ಈಚೆಗಿನ ಒಂದು ತೀರ. ಬಾಂದ್ರಾದ ಯಾವನೋ ಗೆಳೆಯ ಅದನ್ನು "ಒಳ್ಳೇ ಫಾರಿನ್ ಥರ" ಎಂದಿದ್ದನಂತೆ. ಹೆಸರು ಕೇಳಿದ ಕೂಡಲೇ ನೀನು, "ಅಲ್ಲಿ ಭರತಿ ನೀರು ಬಂತಂದ್ರ ಹಾದಿ ಮುಚ್ಚತೈತ್ರಿ. ನೆರಳೂ ಇಲ್ಲ" ಎಂದೆ. ಯಾರು ಕೇಳಿಸಿಕೊಂಡರು? ಮ್ಯಾಪ್ ಮಡಚಿದರು, ಉಪ್ಪಿನಕಾಯಿ ಬಾಟಲಿಗಳು ಅಡುಗೆಮನೆಗೆ ಹೋದವು.

ಹೊರಡುವುದಕ್ಕೆ ಎರಡು ದಿನ ಮುಂಚೆ ಹೋಟೆಲಿನ ತರಕಾರಿ ವ್ಯಾನಿನ ಡ್ರೈವರ್ ತಂಗಿಯ ಮದುವೆಗೆಂದು ಊರಿಗೆ ಹೋಗಿಬಿಟ್ಟ. ಒಂದೇ ಕಾರಿನಲ್ಲಿ ಎಲ್ಲರೂ ಹಿಡಿಸುವುದಿಲ್ಲ. ಆಗ ಇವರಿಗೆಲ್ಲ ನಿನ್ನ ನೆನಪಾಯಿತು ನೋಡು. "ಗಿರಿಜೆಯ ಅಪ್ಪ ಇದ್ದಾರಲ್ಲ, ಲಾರಿ ಬಿಟ್ಟವರು" ಎಂದರು ಅತ್ತೆ, ಅಟ್ಟದ ಮೇಲಿನ ಹಳೆಯ ಹಂಡೆ ನೆನಪಾದ ಹಾಗೆ. ಹೇಳಿಕಳಿಸಿದವಳು ನಾನೇ. ಮಗಳ ಮನೆಯವರು ಪ್ರವಾಸಕ್ಕೆ ಕರೆದಿದ್ದಾರೆಂದು ನೀನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬೆಳಗಿನ ಮೊದಲ ಲೋಕಲ್ ಹಿಡಿದು ಬಂದೆ. ಬಂದ ಮೇಲೆ ವ್ಯಾನಿನ ಕೀಲಿ ಕೈಗಿಟ್ಟರು. ನೀನು ಕೀಲಿ ನೋಡಿದೆ, ನನ್ನನ್ನು ನೋಡಿದೆ, ಗಾಡಿ ಹತ್ತಿದೆ. ನಾನೇನು ಹೇಳಬಹುದಿತ್ತು ಎಂದು ಇಂದಿಗೂ…

ಪೆಣ್ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಅಂಗಡಿಯ ಮುಂದೆ ಕುರ್ಚಿ ಹಾಕಿಸಿ ಭಾವ, ಅತ್ತೆ, ಅಕ್ಕ, ಅವಳ ಮಕ್ಕಳು, ಇವರು, ನಾನು ಕೂತೆವು. ಅತ್ತೆ ಬನ್ಸ್ ಹಂಚಿದರು. ಆಮೇಲೆ ಎರಡು ಬನ್ಸನ್ನು ಕಾಗದದಲ್ಲಿ ಸುತ್ತಿ ಅಂಗಡಿಯವನಿಗೆ ಕೊಟ್ಟು, "ವೋ ಡ್ರೈವರ್ ಕೋ ದೇ ದೋ" ಎಂದರು. ನೀನು ವ್ಯಾನಿನ ಮಗ್ಗುಲಲ್ಲಿ ನಿಂತೇ ತಿಂದೆ. ಒಂದು ಕುರ್ಚಿ ಖಾಲಿ ಇತ್ತಪ್ಪಾ. ಅದರ ಮೇಲೆ ಭಾವನ ಟೋಪಿ ಇತ್ತು. ನಾನು ಎದ್ದು ಅದನ್ನು ತೆಗೆದು "ಬಾ" ಅನ್ನಲಿಲ್ಲ. ಮಗುವಿನ ಬಾಯಿ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ವ್ಯಾನ್ ಹತ್ತುವಾಗ ನಿನ್ನ ಮುಖ ನೋಡಲಾರದೆ, "ಬಿಸಿಲಾಗ ನಿಂತಿದ್ದೆಲ್ಲಪಾ" ಎಂದೆ. "ಇಲ್ಲವಾ, ಗಾಡಿ ನೆರಳಿತ್ತು" ಎಂದೆ ನೀನು. ಅತ್ತೆಯ ಮೇಲೆ, ಭಾವನ ಮೇಲೆ ನನಗಿರುವ ತಾತ್ಸಾರವನ್ನೆಲ್ಲ ಒಟ್ಟು ಮಾಡಿದರೂ ಆ ಹೊತ್ತಿನ ನನ್ನ ಮೇಲೆ ಇರುವಷ್ಟಾಗುವುದಿಲ್ಲ.

ಆ ಫಾರಿನ್ ತೀರ ಮುಟ್ಟಿದಾಗ ಹನ್ನೊಂದೂವರೆ. ಕರಿಯ ಬಂಡೆ, ಬೋಳು ಮರಳು, ಬಲೆ ಒಣಗಿಸುವ ನಾಲ್ಕು ಕಂಬ. ಮರ ಎಂಬುದೇ ಇಲ್ಲ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಭಾವ ಸೋಲೊಪ್ಪುವವನೇ? "ಏರಿ ಮೇಲೆ ಎಂತ ಉಂಟು, ಮಜಾ ಇರುವುದು ಕೆಳಗೆ" ಎಂದು ಕಾರನ್ನು ಮರಳಿಗೆ ಇಳಿಸಲು ಹೊರಟೇಬಿಟ್ಟ. ನೀನು ವ್ಯಾನನ್ನು ಮೇಲೆಯೇ ನಿಲ್ಲಿಸಿ ಓಡಿಹೋಗಿ, "ಇಳಿಸಬ್ಯಾಡ್ರಿ, ನೀರು ಏರೂ ಹೊತ್ತು ಇದು" ಎಂದು ಕೈ ಅಡ್ಡ ಹಿಡಿದೆ. ಅವನು ಹಾರ್ನ್ ಹೊಡೆದ. ಸ್ವಂತ ಬೀಗನ ಮೇಲೆ, ದನದ ಮೇಲೆ ಹೊಡೆದಂತೆ.

ಅರ್ಧ ಗಂಟೆಯೊಳಗೆ ಹಿಂದಿನ ಚಕ್ರಗಳು ಅರ್ಧಕ್ಕೆ ಹೂತಿದ್ದವು. ಭಾವ ಆಕ್ಸಲರೇಟರ್ ಒತ್ತಿದಷ್ಟೂ ಕಾರು ಕೆಳಗಿಳಿಯುತ್ತಿತ್ತು. ಭಾರ ಕಡಿಮೆಯಾಗಲೆಂದು ಬುತ್ತಿಯ ಬುಟ್ಟಿಗಳನ್ನು ಇಳಿಸಿ ಮರಳ ಮೇಲಿಟ್ಟರು. ಒಂದು ಅಲೆ ಬಂದು ಚಪಾತಿ, ಪಲ್ಯ, ಮೊಸರನ್ನ ಎಲ್ಲವನ್ನೂ ಉಪ್ಪು ಮಾಡಿ ಹೋಯಿತು. ಅಕ್ಕ ಅಳತೊಡಗಿದಳು. ಭಾವ ಪ್ಯಾಂಟ್ ಮಡಚಿ, ಟೋಪಿ ಹಾಕಿಕೊಂಡು, ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಂತು ಮೀನುಗಾರರನ್ನು ಬಯ್ಯುತ್ತಿದ್ದ. ಅಲ್ಲಿ ಒಬ್ಬ ಮೀನುಗಾರನೂ ಇರಲಿಲ್ಲ.

ನೀನು ಚಕ್ರಗಳ ಗಾಳಿ ಸ್ವಲ್ಪ ಬಿಟ್ಟೆ. ಕೈಯಿಂದಲೇ ಮರಳು ಬಗೆದೆ. ಅತ್ತೆಯ ಕೆಂಪು ಜಮಖಾನ ಕೇಳಿದೆ. "ಅಯ್ಯೋ, ಅದು ಮದುವೆಯದ್ದು!" ಎಂದರು ಅವರು. "ಹಂಗಾದ್ರ ಕಾರು ಬಿಟ್ಟು ಹೋಗೂಣೇನ್ರಿ?" ಎಂದೆ. ಎಷ್ಟು ಸೌಮ್ಯವಾಗಿ ಕೇಳಿದೆ! ಜಮಖಾನ ಚಕ್ರದ ಕೆಳಗೆ ಹೋಯಿತು. ನನ್ನ ಗಂಡ ಹಿಂದಿನಿಂದ ತಳ್ಳಿದರು, ನಾನೂ ಸೀರೆ ಎತ್ತಿಕಟ್ಟಿ ತಳ್ಳಿದೆ. ನೀರು ಬಾಗಿಲಿಗೆ ಬಡಿಯುತ್ತಿರುವಾಗ ನೀನು ಕಾರನ್ನು ಏರಿಯ ಮೇಲೆ ತಂದು ನಿಲ್ಲಿಸಿದೆ. ಭಾವ ಸುತ್ತ ತಿರುಗಿ ನೋಡಿ ಹೇಳಿದ ಮೊದಲ ಮಾತು, "ಕ್ಲಚ್ ವಾಸನೆ ಬರ್ತದೆ. ಸ್ವಲ್ಪ ಮೆಲ್ಲ ಬಿಡಬಹುದಿತ್ತು."

ಆಮೇಲೆ ನೀನು ಯಾರನ್ನೂ ಕೇಳಲಿಲ್ಲ. ವ್ಯಾನ್ ಶುರು ಮಾಡಿದೆ. "ಎಲ್ಲಿಗಪಾ?" ಎಂದೆ ನಾನು. "ಹುಡುಗರು ಹಸದಾವು" ಎಂದೆ ನೀನು, ಅಷ್ಟೆ. ಕಾರು ಹಿಂದೆ ಹಿಂದೆ ಬಂತು, ಬಾರದೆ ಏನು ಮಾಡುತ್ತದೆ? ಘಟ್ಟ ಹತ್ತಿ ಇಳಿದು, ಮೂರು ತಾಸಿನ ಮೇಲೆ ತೆಂಗಿನ ತೋಟಗಳ ನಡುವೆ ಸಣ್ಣ ದಾರಿಗೆ ತಿರುಗಿದಾಗ ನಿನ್ನ ಮುಖ ಬೇರೆಯಾಗಿತ್ತು. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಈ ಕಾಗದ ಯಾರ ಕೈಗಾದರೂ ಸಿಕ್ಕಿ, ಇನ್ನಷ್ಟು ಭಾವಂದಿರು ಅಲ್ಲಿಗೆ ಹೊರಟರೆ?

ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಹೆಂಗಸು ನಿನ್ನನ್ನು ನೋಡಿ ಕೈಯಲ್ಲಿದ್ದ ಮೊರ ಅಲ್ಲೇ ಬಿಟ್ಟಳು. "ಅರೇ, ಮಲ್ಲಾಪಾ ದಾದಾ!" ಎಂದು ಒಳಗೆ ಕೂಗಿದಳು. ಹತ್ತು ವರ್ಷದ ಹುಡುಗಿ ಓಡಿಬಂದು ನಿನ್ನ ಕಾಲು ಮುಟ್ಟಿದಳು. ಆ ಹೆಂಗಸು, ಯಮುನಾಬಾಯಿ, ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು: ರಸ್ತೆಗೆ ಇನ್ನೂ ಬರೀ ಕಲ್ಲು ಹಾಸಿದ್ದ ಕಾಲದಲ್ಲಿ, ಹೆರಿಗೆ ಕಷ್ಟವಾದ ಅವಳನ್ನು ನೀನು ಲಾರಿಯಲ್ಲಿ ಹುಲ್ಲು ಹಾಸಿ ಮಲಗಿಸಿ, ಆಸ್ಪತ್ರೆಯವರೆಗೆ ಹದಿನೈದು ಮೈಲಿ ಒಂದೇ ಒಂದು ಕುಲುಕು ಬೀಳದಂತೆ ಒಯ್ದಿದ್ದೆಯಂತೆ. ಕಾಂಟ್ರಾಕ್ಟರ್ ಲಾರಿ ಕೊಡುವುದಿಲ್ಲ ಎಂದಾಗ, ಕೀಲಿ ಜೇಬಿಗಿಟ್ಟುಕೊಂಡು "ನಾಳೆ ಕೆಲಸದಿಂದ ತೆಗೀರಿ" ಎಂದಿದ್ದೆಯಂತೆ. ತೆಗೆದೂಬಿಟ್ಟನಂತೆ. ನೀನು ಆ ವರ್ಷ ಕೆಲಸವಿಲ್ಲದೆ ಮನೆಯಲ್ಲಿ ಕೂತದ್ದು ನನಗೆ ನೆನಪಿದೆ. "ಕೆಲಸ ಮುಗೀತು" ಎಂದಷ್ಟೇ ಹೇಳಿದ್ದೆ ಅಲ್ಲವೇ?

ಇನ್ನೊಂದು ಮಾತು ನೀನು ಕೇಳಿಸಿಕೊಂಡೆಯೋ ಇಲ್ಲವೋ. ಯಮುನಾಬಾಯಿ ಟೋಪಿ ಹಾಕಿಕೊಂಡು ಕಾರಿನ ಕೀಲಿ ತಿರುಗಿಸುತ್ತಾ ನಿಂತಿದ್ದ ಭಾವನನ್ನು ನೋಡಿ, "ದಾದಾ, ಹಾ ತುಮಚಾ ಡ್ರೈವರ್ ಕಾ?" ಎಂದು ಕೇಳಿದಳು. ಇವನು ನಿಮ್ಮ ಡ್ರೈವರಾ ಎಂದು! ನಾನು ಹುಣಸೆಮರದ ಹಿಂದೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಅಕ್ಕಿರೊಟ್ಟಿ, ಕೋಕಂ ಸಾರು, ಕಾಳಿನ ಉಸಳಿ. ಮೊದಲ ಎಲೆ ನಿನಗೆ. ನೀನು ಕೈ ತೊಳೆದು ಕೂತು ಮೊದಲ ತುತ್ತು ಇಡುವವರೆಗೆ ಅವಳು ಬೇರೆ ಯಾರಿಗೂ ಬಡಿಸಲಿಲ್ಲ. ಹಸಿದ ಭಾವ ಆ ತುತ್ತನ್ನು ನೋಡಿದ ನೋಟ! ಉಂಡಾದ ಮೇಲೆ ಮಕ್ಕಳೆಲ್ಲ ನಿನ್ನ ಜೊತೆ ಸಮುದ್ರಕ್ಕೆ ಹೋದರು. ನೀನು ಹೇಳಿದಂತೆಯೇ ಇತ್ತು, ಎಲ್ಲವೂ.

ಆಷಾಢದಲ್ಲಿ ನೀನು ಹೋದೆ. ಜೋಗೇಶ್ವರಿಯ ಚಾಳಿನ ಮುಂದೆ ಮೊಣಕಾಲುದ್ದ ನೀರು. ಭಾವ ಛತ್ರಿ ಹಿಡಿದು ದೂರ ನಿಂತು, "ಪಾಪ, ಒಳ್ಳೇ ಡ್ರೈವರ್" ಎಂದ. ಹೆಣದ ಮುಂದೆ ಕೊಡಬಹುದಾದ ದೊಡ್ಡ ಸರ್ಟಿಫಿಕೇಟು ಅವನ ಬಳಿ ಅದೇ ಇದ್ದದ್ದು. ಇವರು ನನ್ನ ಪಕ್ಕದಲ್ಲಿದ್ದರು, ಸುಮ್ಮನಿದ್ದರು. ನಿನ್ನ ಅಳಿಯ ಕೆಟ್ಟವರಲ್ಲಪ್ಪಾ. ಕೆಟ್ಟವರಾಗಲೂ ಸ್ವಲ್ಪ ಧೈರ್ಯ ಬೇಕಲ್ಲ.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಕಾಫಿ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಗೆಳೆಯರ ಮುಂದೆಯೇ ಹೇಳಿದೆ. "ಭಾವ ಹುಡುಕಿದ ಬೀಚ್ ಬೇರೆ. ಅಲ್ಲಿ ಕಾರು ಮುಳುಗುತ್ತಿತ್ತು. ಈ ಊರು ತೋರಿಸಿದ್ದು ನನ್ನಪ್ಪ. ಕಾರು ಎತ್ತಿದ್ದೂ ಅವರೇ. ಅವರಿಗೆ ನಾವು ವ್ಯಾನಿನ ಹತ್ತಿರ ನಿಲ್ಲಿಸಿ ತಿಂಡಿ ಕೊಟ್ಟೆವು."

ಭಾವ ಮಡಚಿದ್ದ ಕಾಲು ಕೆಳಗಿಳಿಸಿದ. "ಎಂತ ಮಾತು ಮಾರಾಯ್ತಿ ಇದು, ಬಂದವರ ಎದುರು!" ಎಂದರು ಅತ್ತೆ. ಗೆಳೆಯನ ಹೆಂಡತಿಯೊಬ್ಬಳು ಮಾತು ಬದಲಿಸಲು, "ಕಾಫಿ ತುಂಬಾ ಚೆನ್ನಾಗಿದೆ" ಎಂದಳು, ಇನ್ನೂ ಕುಡಿಯದೆಯೇ. ನಾನು ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಇವರು ಅಡುಗೆಮನೆಗೆ ಬಂದು ನಿಂತರು. "ಅವತ್ತು ನಾನೂ ಸುಮ್ಮನಿದ್ದೆ ಅಲ್ವಾ?" ಎಂದರು. "ಹೌದು, ನಾನೂ" ಎಂದೆ. ಹೋಗಲಿ, ಅಷ್ಟಾದರೂ ಕೇಳಿದರಲ್ಲ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಉಳಿದಿದೆ. ಕಾಲೇಜಿನ ಫಾರ್ಮಿನಲ್ಲಿ, ಟೈಪಿಂಗ್ ಕ್ಲಾಸಿನಲ್ಲಿ, ಮದುವೆಗೆ ಮುಂಚೆ ಇವರ ಹತ್ತಿರ, ಎಲ್ಲ ಕಡೆ ನಾನು ನಿನ್ನನ್ನು "ಸೂಪರ್‌ವೈಸರ್" ಎಂದಿದ್ದೆ. ಮದುವೆಯಾದ ಮೇಲೆ ನಿಜ ತಿಳಿದು ಈ ಮನೆಯವರು ನಕ್ಕಾಗ ನೀನು, ನಿನ್ನ ಕೆಲಸಕ್ಕೆ ನಕ್ಕರು ಅಂದುಕೊಂಡೆ. ಅಲ್ಲಪ್ಪಾ, ನನ್ನ ಸುಳ್ಳಿಗೆ ನಕ್ಕರು. ನಿನ್ನನ್ನು ಸಣ್ಣವನನ್ನಾಗಿ ಮಾಡಲು ಇವರಿಗೆ ಮೊದಲು ದಾರಿ ತೋರಿಸಿದವಳು ನಾನೇ.

ಹೋದ ವಾರ ಬಾಂದ್ರಾದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸಕ್ಕೆ ಅರ್ಜಿ ತುಂಬಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಂದೆಯ ಉದ್ಯೋಗ ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ "ಲಾರಿ ಡ್ರೈವರ್" ಎಂದು ಬರೆದೆ. ಅರ್ಜಿ ನೋಡಿದ ಹಿರಿಯ ಗುಮಾಸ್ತರು ಮರಾಠಿಯಲ್ಲಿ, "ಯಾವ ಕಡೆ ಓಡಿಸುತ್ತಿದ್ದರು?" ಎಂದು ಕೇಳಿದರು. ಕೊಂಕಣದ ರಸ್ತೆ ಹಾಕಿದವರು ಎಂದೆ. ಹೇಳುವಾಗ ನನ್ನ ದನಿ ತಗ್ಗಲಿಲ್ಲ.

ಕೆಲಸ ಸಿಕ್ಕಿದೆ ಅಪ್ಪಾ. ಬರುವ ಸೋಮವಾರದಿಂದ ಹೋಗುತ್ತೇನೆ.

ನಿನ್ನ ಮಗಳು,
ಗಿರಿಜಾ